‘ಬರ್ತೀನಿ’ ಪದದ ಬಳಕೆಗೆ ಪೂರ್ವಾನುಮತಿ

ಹೊರದೇಶದ ವಿದ್ಯಾರ್ಥಿಯೊಬ್ಬ ಕಚೇರಿಯಿಂದ ಹೊರಡುವಾಗ ‘ಬರ್ತೀನಿ’ ಎಂದು ಹೇಳಿ, ಆಮೇಲೆ ಬಾರದೇ ಇದ್ದ ಪ್ರಕರಣವು ಎಲ್ಲರಿಗೂ ಸಮಾಧಾನವಾಗುವಂತೆ ಇತ್ಯರ್ಥಗೊಂಡಿದೆ ಎಂದು ವಿಶ್ವವಿದ್ಯಾಲಯವು ಪ್ರಕಟಿಸಿದೆ. ಎಲ್ಲರಿಗೂ ಎಂದರೆ ಯಾರ್‍ಯಾರಿಗೆ ಎಂದು ಕೇಳುವ ಕೆಟ್ಟ ಅಭ್ಯಾಸ ಕೆಲವರಿಗಿರುತ್ತದೆ. ಅಂಥವರ ಬಾಯಿ ಮುಚ್ಚಿಸುವ ಸಲುವಾಗಿ ನಡೆದದ್ದನ್ನು ನಡೆದ ಹಾಗೆಯೇ ಇಲ್ಲಿ ಬರೆಯುತ್ತಿದ್ದೇನೆ.

ವಿದ್ಯಾರ್ಥಿ ನಮ್ಮ ಕಡೆಯವನೇ; ಈ ಪರದೇಶದಲ್ಲಿ ಓದುತ್ತಿದ್ದದ್ದು ಮಣ್ಣಿನ ವಿಜ್ಞಾನ. ಅವನ ಹಾಸ್ಟೆಲ್ ಕೋಣೆಗೆ ಒಂದು ಕಿಟಕಿ, ಆ ಕಿಟಕಿಗೆ ಎದುರಾಗಿ ಇನ್ನೊಬ್ಬ ವಿದ್ಯಾರ್ಥಿಯ ಕಿಟಕಿ. ಅವನು ಇಲ್ಲಿಗೆ ಬಂದ ಮೇಲೆ ಊರಿನಲ್ಲಿ ಅಕ್ಕನಿಗೆ ಮಗಳು ಹುಟ್ಟಿದಳು. ಮನೆಯವರೆಲ್ಲ ಪುಟ್ಟಿ ಎಂದು ಕರೆಯುವ ಆ ಮಗುವನ್ನು ಅವನು ಮುಟ್ಟಿಯೇ ಇಲ್ಲ. ಭಾನುವಾರಗಳಂದು ಅಕ್ಕ ಫೋನನ್ನು ಅವಳ ಮುಂದೆ ಹಿಡಿದು “ಯಾರು ನೋಡು, ಮಾಮ!” ಅನ್ನುತ್ತಿದ್ದಳು. ಹೀಗಾಗಿ ಪುಟ್ಟಿಯ ತಿಳುವಳಿಕೆಯಲ್ಲಿ ಮಾಮ ಎಂದರೆ ಅಂಗೈಯಗಲದ, ಆಗಾಗ ಚಾರ್ಜಿಗೆ ಹಾಕಬೇಕಾದ ಒಂದು ವಸ್ತು. ಒಮ್ಮೆ ಅವಳು ಅದನ್ನು ಬಕೆಟ್ಟಿಗೆ ಎಸೆದಾಗ ಇಡೀ ಮನೆ “ಮಾಮ ನೀರಿಗೆ ಬಿದ್ದ!” ಎಂದು ಕೂಗಿಕೊಂಡಿತಂತೆ. ಸುದ್ದಿ ಕೇಳಿ ಅವನು ಹೊಟ್ಟೆ ಹುಣ್ಣಾಗುವಷ್ಟು ನಕ್ಕ. ಕರೆ ಮುಗಿದ ಮೇಲೆ ಗೋಡೆಗೆ ಮುಖ ಹಾಕಿಕೊಂಡು ಅತ್ತ. ಈ ರಜದಲ್ಲಿ ಊರಿಗೆ ಹೋಗಬೇಕು, ಮಗುವನ್ನು ಒಂದು ಸಲ ತೊಡೆಯ ಮೇಲೆ ಕೂರಿಸಿಕೊಳ್ಳಬೇಕು ಎಂದು ತೀರ್ಮಾನಿಸಿದ. ಅವನಿಗೆ ಬೇಕಾಗಿದ್ದದ್ದು ಇಷ್ಟೇ.

ಓದುವ ಮಧ್ಯೆ ಊರಿಗೆ ಹೋಗಿ ಬರಲು ಅನುಮತಿ ಬೇಕು. ಅನುಮತಿ ಕೊಡುವುದು ಹೊರದೇಶದ ವಿದ್ಯಾರ್ಥಿಗಳ ಕ್ಷೇಮ ಕಚೇರಿ. ಅಲ್ಲಿಯ ಗೋಡೆಯ ಮೇಲೆ ‘ಇದು ನಿಮ್ಮದೇ ಮನೆ’ ಎಂಬ ಫಲಕವಿದೆ. ಅದರ ಕೆಳಗೆ ‘ಹಳದಿ ಗೆರೆ ದಾಟಬಾರದು’ ಎಂಬ ಫಲಕವಿದೆ. ವಿದ್ಯಾರ್ಥಿ ಗೆರೆಯ ಈಚೆ ನಿಂತು, ಕೈ ಉದ್ದ ಮಾಡಿ ಅರ್ಜಿ ಕೊಟ್ಟ. ಗುಮಾಸ್ತೆ “ಆಯ್ತು, ನೋಡ್ತೀವಿ” ಅಂದರು. ಅವನು ಅವರ ಭಾಷೆಯಲ್ಲೇ, ಆದರೆ ನಮ್ಮ ಅಭ್ಯಾಸದಂತೆ, “ಸರಿ ಮೇಡಂ, ಬರ್ತೀನಿ” ಎಂದು ಹೇಳಿ ಹೊರಟುಬಿಟ್ಟ.

ನಮ್ಮಲ್ಲಿ ಹೊರಡುವವರು ‘ಹೋಗ್ತೀನಿ’ ಅನ್ನುವುದಿಲ್ಲ. ಚಿಕ್ಕಂದಿನಲ್ಲಿ ಅವನು ಬಾಯಿ ತಪ್ಪಿ ಹಾಗೆ ಅಂದಾಗಲೆಲ್ಲ ಅಮ್ಮ ಬಾಗಿಲಲ್ಲೇ ತಡೆದು “ಬಿಡ್ತು ಅನ್ನು! ಬರ್ತೀನಿ ಅನ್ನು!” ಎಂದು ಗದರಿ, ಸರಿಯಾಗಿ ಹೇಳಿಸಿಯೇ ಶಾಲೆಗೆ ಕಳಿಸುತ್ತಿದ್ದರು. ಗುಮಾಸ್ತೆಗೆ ಇದು ಹೇಗೆ ಗೊತ್ತಾಗಬೇಕು? ಪಾಪ, ಮಾತಿಗೆ ಬೆಲೆ ಕೊಡುವ ಹೆಂಗಸು. ಬರ್ತೀನಿ ಅಂದವನು ಬರುತ್ತಾನೆಂದು ಸಾಲಿನಲ್ಲಿದ್ದ ಮಿಕ್ಕವರನ್ನು ವಾಪಸ್ಸು ಕಳಿಸಿ, ಊಟಕ್ಕೂ ಏಳದೆ ಕಾದರು. ಸಂಜೆ ಕಚೇರಿಗೆ ಬೀಗ ಹಾಕುವಾಗ ಮೇಲಧಿಕಾರಿಗಳಿಗೆ ದೂರು ಕೊಟ್ಟರು.

ಮಾರನೆಯ ದಿನ ಕ್ಷೇಮಾಧಿಕಾರಿಗಳು ವಿಚಾರಣೆ ನಡೆಸಿದರು.

“ನೀವು ಬರ್ತೀನಿ ಅಂದ್ರಂತೆ?”

“ಹೌದು ಸಾರ್.”

“ಬಂದ್ರಾ?”

“ಇಲ್ಲ ಸಾರ್. ಹೋಗ್ತಾ ಇದ್ದೆ, ಅದಕ್ಕೇ ಬರ್ತೀನಿ ಅಂದೆ.”

ಅಧಿಕಾರಿಗಳು ಪೆನ್ನು ಕೆಳಗಿಟ್ಟರು. “ಹೋಗೋವಾಗ ಬರ್ತೀನಿ ಅಂತೀರಿ. ಹಾಗಾದ್ರೆ ಬರೋವಾಗ ಏನಂತೀರಿ?”

“ಏನೂ ಅನ್ನಲ್ಲ ಸಾರ್. ಬಂದೇ ಬಿಡ್ತೀವಿ.”

“ಹೋಗೋವಾಗ ಹೋಗ್ತೀನಿ ಅಂದ್ರೆ ಏನಾಗುತ್ತೆ?”

“ಅಮ್ಮ ಬೈತಾರೆ ಸಾರ್.”

ಅಧಿಕಾರಿಗಳ ಕಣ್ಣು ಅರಳಿತು. ಪರಸಂಸ್ಕೃತಿಗಳನ್ನು ಅರಿಯುವುದಕ್ಕೆಂದೇ ಅವರ ಕಚೇರಿಗೊಂದು ನಿಧಿಯಿತ್ತು. ಅರಿಯಲು ಏನೂ ಸಿಕ್ಕದೆ ಅದು ಆ ವರ್ಷವೂ ವಾಪಸ್ಸು ಹೋಗುವುದರಲ್ಲಿತ್ತು. ಕೂಡಲೇ ‘ಬರುವಿಕೆ ಮತ್ತು ಹೋಗುವಿಕೆ ಕುರಿತ ಉನ್ನತ ಮಟ್ಟದ ಸಮಿತಿ’ ರಚನೆಯಾಯಿತು. ಅಧಿಕಾರಿಗಳೇ ಅಧ್ಯಕ್ಷರು. ಕುಲಪತಿಗಳ ಪತ್ನಿ ಸಾಂಸ್ಕೃತಿಕ ಸಲಹೆಗಾರರು. ಅವರ ತಮ್ಮ ಛಾಯಾಗ್ರಾಹಕ. ಸಮಿತಿಯು ಮೊದಲ ಸಭೆಯಲ್ಲೇ ಮಧ್ಯಂತರ ಆದೇಶ ಹೊರಡಿಸಿತು:

“ಸದರಿ ವಿದ್ಯಾರ್ಥಿಯ ಸಂಸ್ಕೃತಿಗೆ ಗೌರವ ಸಲ್ಲಿಸುವ ಸಲುವಾಗಿ, ಇನ್ನು ಮುಂದೆ ಆತನ ಕಡತದಲ್ಲಿ ‘ಬರುವುದು’ ಎಂದಿರುವಲ್ಲೆಲ್ಲ ‘ಹೋಗುವುದು’ ಎಂದೂ, ‘ಹೋಗುವುದು’ ಎಂದಿರುವಲ್ಲೆಲ್ಲ ‘ಬರುವುದು’ ಎಂದೂ ಓದಿಕೊಳ್ಳತಕ್ಕದ್ದು.”

ವಿದ್ಯಾರ್ಥಿ ತನ್ನ ಅರ್ಜಿ ಏನಾಯಿತೆಂದು ಕೇಳಲು ಹೋದಾಗ ಗುಮಾಸ್ತೆ ಮೊದಲ ಸಲ ನಕ್ಕು ಮಾತಾಡಿಸಿದರು.

“ಅಭಿನಂದನೆಗಳು. ಒಪ್ಪಿಗೆ ಆಗಿದೆ.”

“ಹಾಗಾದ್ರೆ ಟಿಕೆಟ್ ತಗೊಳ್ಲಾ ಮೇಡಂ?”

“ಯಾಕೆ? ನೀವು ‘ಹೋಗಿ ಬರಲು’ ಅಂತ ಬರೆದಿದೀರಿ. ಆದೇಶದ ಪ್ರಕಾರ ಅದು ‘ಬಂದು ಹೋಗಲು’. ಬರೋದಕ್ಕೆ ಒಪ್ಪಿಗೆ ಕೊಟ್ಟಿದೀವಿ, ನೀವಾಗಲೇ ಬಂದಿದೀರಿ. ಹೋಗೋದು ಓದು ಮುಗಿದ ಮೇಲೆ.”

“ಮೇಡಂ, ‘ಬಂದು ಹೋಗಲು’ ಅಂತ ಬೇರೆ ಅರ್ಜಿ ಬರೆದುಕೊಟ್ರೆ?”

“ಒಂದೇ ವರ್ಷದಲ್ಲಿ ಎರಡು ಥರ ಸಂಸ್ಕೃತಿ ಇಟ್ಕೊಳ್ಳೋ ಹಾಗಿಲ್ಲಪ್ಪ,” ಎಂದು ಗುಮಾಸ್ತೆ ಮೆತ್ತಗೆ ತಿಳಿಹೇಳಿದರು. ಅವರ ದನಿಯಲ್ಲಿ ನಿಜಕ್ಕೂ ಮರುಕವಿತ್ತು. ಮರುಕಕ್ಕೆ ಹಳದಿ ಗೆರೆ ದಾಟುವ ಅಧಿಕಾರವಿರಲಿಲ್ಲ, ಅಷ್ಟೇ.

ಅಷ್ಟರಲ್ಲಿ ಸಮಿತಿಗೆ ಒಂದು ಅನುಮಾನ ಬಂತು. ವಿದ್ಯಾರ್ಥಿ ಹೇಳುತ್ತಿರುವುದು ನಿಜವೇ? ಇಂಥ ವಿಷಯವನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಬೇಕಲ್ಲದೆ ಕುರ್ಚಿಯಲ್ಲಿ ಕೂತು ನಿರ್ಧರಿಸಬಾರದು. ಹಾಗಾಗಿ ಸಮಿತಿಯು ಅವನ ಊರಿಗೆ, ಅವನ ಮನೆಗೇ, ಅಧ್ಯಯನ ಪ್ರವಾಸ ಹೊರಟಿತು. ವಿದ್ಯಾರ್ಥಿ ಓಡಿಬಂದು ದುಭಾಷಿಯಾಗಿ ತನ್ನನ್ನೂ ಕರೆದುಕೊಂಡು ಹೋಗಿ ಎಂದು ಅಂಗಲಾಚಿದ.

“ನೀವು ಅಧ್ಯಯನದ ವಸ್ತು ಕಣ್ರೀ. ವಸ್ತುವೇ ಜೊತೆಗೆ ಬಂದ್ರೆ ವಸ್ತುನಿಷ್ಠತೆ ಎಲ್ಲಿ ಉಳಿಯುತ್ತೆ?” ಅಂದರು ಅಧಿಕಾರಿಗಳು. ಆಮೇಲೆ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ, ಕಲಿತದ್ದನ್ನು ಮರೆಯದೆ “ಬರ್ತೀವಿ” ಅಂದರು.

ಊರಿನಲ್ಲಿ ಪರಿಶೀಲನೆ ಕಟ್ಟುನಿಟ್ಟಾಗಿ ನಡೆಯಿತು. ಸಮಿತಿಯು ಊಟ ಮುಗಿಸಿ, ಬಾಗಿಲ ತನಕ ನಡೆದು, ಬಾಯಿಪಾಠ ಮಾಡಿಕೊಂಡು ಬಂದಿದ್ದ ನಮ್ಮ ಭಾಷೆಯಲ್ಲಿ “ಹೋಗ್ತೀವಿ” ಎಂದಿತು. ಅಮ್ಮ ಗಾಬರಿಬಿದ್ದು “ಅಯ್ಯೋ, ಬಿಡ್ತು ಅನ್ನಿ! ಬರ್ತೀವಿ ಅನ್ನಿ!” ಎಂದರು. ಸಮಿತಿಯು ಅದನ್ನು ಬರೆದುಕೊಂಡು “ಬರ್ತೀವಿ” ಎಂದಿತು. ಅಂದಮೇಲೆ ಬರಲೇಬೇಕಲ್ಲ, ಒಳಗೆ ಬಂದು ಮತ್ತೆ ಕೂತಿತು. ಮನೆಯ ಕಾಫಿಪುಡಿ ಮುಗಿಯುವ ತನಕ ಈ ಪ್ರಯೋಗವನ್ನು ಮತ್ತೆ ಮತ್ತೆ ಮಾಡಿ ಖಚಿತಪಡಿಸಿಕೊಳ್ಳಲಾಯಿತು. ನಡುವೆ ಪುಟ್ಟಿ ಅಂಬೆಗಾಲಿಟ್ಟು ಬಂದು ಅಧಿಕಾರಿಗಳ ತೊಡೆ ಹತ್ತಿ ಕೂತಳು. ಛಾಯಾಗ್ರಾಹಕ ಅದನ್ನು ಕ್ಲಿಕ್ಕಿಸಿದ. ಆ ಚಿತ್ರಕ್ಕೆ ಕಟ್ಟು ಹಾಕಿಸಿ ಒಂದನ್ನು ಮನೆಗೆ ಕೊಟ್ಟರು, ಇನ್ನೊಂದನ್ನು ಕಚೇರಿಯ ‘ಇದು ನಿಮ್ಮದೇ ಮನೆ’ ಫಲಕದ ಪಕ್ಕ ನೇತುಹಾಕಿದರು.

ಸಮಿತಿಯ ಅಂತಿಮ ವರದಿ ವಿದ್ಯಾರ್ಥಿಯ ಪರವಾಗಿಯೇ ಇತ್ತು. ಅವನು ಹೇಳಿದ್ದೆಲ್ಲ ನಿಜ. ಆದ್ದರಿಂದ ಮುಂದೆ ಇಂಥ ಗೊಂದಲವಾಗದಂತೆ, ‘ಬರ್ತೀನಿ’ ಪದ ಬಳಸುವ ಮುನ್ನ ಅವನು ಕಚೇರಿಯಿಂದ ಪೂರ್ವಾನುಮತಿ ಪಡೆಯತಕ್ಕದ್ದು. ಅಲ್ಲಿಯ ತನಕ ‘ಹೋಗ್ತೀನಿ’ ಎಂದೇ ಹೇಳತಕ್ಕದ್ದು. ಈ ನಿಯಮ ದೂರವಾಣಿಗೂ ಅನ್ವಯಿಸುತ್ತದೆ. ವರದಿಗೆ ಆ ವರ್ಷದ ಸೌಹಾರ್ದ ಪ್ರಶಸ್ತಿ ಬಂತು. ಸಮಾರಂಭದಲ್ಲಿ ಹಿಂದಿನ ಸಾಲಿನಲ್ಲಿ ಕೂತು ವಿದ್ಯಾರ್ಥಿಯೂ ಚಪ್ಪಾಳೆ ತಟ್ಟಿದ. ಗೆರೆ ಅಲ್ಲಿಯೂ ಇತ್ತು.

ಆ ಭಾನುವಾರ ಅವನು ಮನೆಗೆ ಕರೆ ಮಾಡಿದ. ಅಕ್ಕ ಮಗುವಿನ ಮುಂದೆ ಫೋನು ಹಿಡಿದಳು. ರಜವಂತೂ ಕೈತಪ್ಪಿತ್ತು, ‘ಮಾಮ’ ಎಂಬ ಒಂದು ಮಾತನ್ನಾದರೂ ಅವಳ ಬಾಯಿಂದ ಕೇಳೋಣವೆಂದು ಅವನು ಹತ್ತಿರ ಬಾಗಿ ಕೇಳಿದ: “ಪುಟ್ಟೀ, ಮಾಮ ಎಲ್ಲಿ?”

ಪುಟ್ಟಿ ಅವನನ್ನು ಒಂದು ಕ್ಷಣ ನೋಡಿದಳು. ಆಮೇಲೆ ತಿರುಗಿ ಗೋಡೆಯ ಚಿತ್ರದ ಕಡೆ ಬೆರಳು ತೋರಿಸಿದಳು. “ಮಾಮ.”

“ಮತ್ತೆ ಇದು?” ಅಂದ ಅವನು, ತನ್ನ ಮುಖವನ್ನೇ ಮುಟ್ಟಿಕೊಂಡು.

“ಫೋನು,” ಅಂದಳು ಪುಟ್ಟಿ.

ಮಗುವಿಗೆ ಎಷ್ಟು ಬೇಗ ಬುದ್ಧಿ ಬಂತು ಎಂದು ಮನೆಯವರೆಲ್ಲ ಹಿಗ್ಗಿದರು. ಅಮ್ಮ ಫೋನು ಈಸಿಕೊಂಡು, “ನಿಮ್ಮ ಸಾಹೇಬರು ಎಷ್ಟು ಒಳ್ಳೆಯವರಪ್ಪ! ಮುಂದಿನ ರಜಕ್ಕೂ ಬರ್ತೀನಿ ಅಂದಿದಾರೆ. ನೀನು ಒದ್ದಾಡ್ಬೇಡ, ಚೆನ್ನಾಗಿ ಓದ್ಕೊ,” ಅಂದರು.

“ಆಯ್ತಮ್ಮ,” ಅಂದ. ನಾಲಿಗೆಯ ತುದಿಗೆ ಬಂದ ಪದಕ್ಕೆ ಪೂರ್ವಾನುಮತಿ ಇರಲಿಲ್ಲ. ಅದನ್ನು ನುಂಗಿಕೊಂಡು, “ಹೋಗ್ತೀನಿ,” ಅಂದ.

ತಪ್ಪಾಯಿತೆಂದು ತಾನೇ ಕಣ್ಣು ಮುಚ್ಚಿಕೊಂಡು, ಗದರಿಕೆಗಾಗಿ ಕಾದ. ಬಾಗಿಲಲ್ಲಿ ಎಷ್ಟು ಸಲ ಬೈಸಿಕೊಂಡಿದ್ದನೋ, ಅಷ್ಟನ್ನೂ ಈಗ ಒಟ್ಟಿಗೆ ಬೈದರೆ ಸಾಕು ಅನ್ನಿಸಿತು.

“ಸರಿಯಪ್ಪ,” ಅಂದರು ಅಮ್ಮ. “ಹೋಗು.”