ಪಾಸ್‌ವರ್ಡ್ ಕೇಳಿದ ಯಜಮಾನರು

ಕೆಲಸ ಕೇಳಿಕೊಂಡು ಬಂದವರ ಜಾತಕ ಜಾಲಾಡದೆ ಬಿಡುವ ಯಜಮಾನ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಜಾಲಾಡುವ ಜಾಗ ಮಾತ್ರ ಬದಲಾಗುತ್ತಿರುತ್ತದೆ.

ಹೂವಿನಮ್ಮನ ಸರ್ಟಿಫಿಕೇಟು

ತೊಂಬತ್ತರ ದಶಕದಲ್ಲಿ ಅದು ಬೀದಿಯಲ್ಲೇ ನಡೆಯುತ್ತಿತ್ತು. ನಮ್ಮಕ್ಕ ಬಳೇಪೇಟೆಯ ಸಗಟು ಅಂಗಡಿಯೊಂದರಲ್ಲಿ ಮಾಲು ಖರೀದಿಸುವ ಕೆಲಸ ಕೇಳಿದ್ದಳು. ಅಲ್ಲಿನ ಯಜಮಾನರು ಚಾಮರಾಜಪೇಟೆಗೇ ಬಂದು, ನಮ್ಮ ಬೀದಿಯಲ್ಲಿ ಹೂ ಮಾರುವಾಕೆಯ ಹತ್ತಿರ ವಿಚಾರಿಸಿದರು.

"ಚಿನ್ನದಂಥ ಹುಡುಗಿ ಸಾಮಿ," ಅಂದಳು ಆಕೆ, ಪಾಪ ಒಳ್ಳೆಯ ಮನಸ್ಸಿನಿಂದ. "ಹೇಳಿದ ರೇಟಿಗೆ ತಗೋತದೆ. ಒಂದಿನಾನೂ ಚೌಕಾಸಿ ಮಾಡಿಲ್ಲ!"

ಖರೀದಿ ಕೆಲಸ ಅಲ್ಲಿಗೇ ಕೈತಪ್ಪಿತು.

ಮೂರು ಜನ ಸಾಲದು

ನನ್ನ ಸರದಿ ಬರುವ ಹೊತ್ತಿಗೆ ಬೀದಿಗೊಂದು ಇಂಟರ್‌ನೆಟ್ ಪಾರ್ಲರ್ ಬಂದಿತ್ತು. ಸ್ನೇಹಿತರು ಒಬ್ಬರ ಪುಟದಲ್ಲಿ ಇನ್ನೊಬ್ಬರು ಬರೆಯುವ ಸೈಟಿನಲ್ಲಿ ನನ್ನದೂ ಒಂದು ಪುಟವಿತ್ತು. ಹೊರಗಿನವರಿಗೆ ಕಾಣದಂತೆ ಲಾಕ್ ಮಾಡಿದ್ದೆ. "ಯುಗಾದಿಯೊಳಗೆ ಕೆಲಸ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಮದುವೆ," ಎಂದು ಅಪ್ಪ ಗಡುವು ಕೊಟ್ಟಿದ್ದರು. ಹಾಗಾಗಿ ಕಾಟನ್‌ಪೇಟೆಯ ಬಟ್ಟೆ ವ್ಯಾಪಾರಿ ಆ ಪುಟದ ಪಾಸ್‌ವರ್ಡ್ ಕೇಳಿದಾಗ ಮೈ ಉರಿದರೂ ಕೊಟ್ಟೆ.

"ಮೂರೇ ಜನಾನಾ ಫ್ರೆಂಡ್ಸು? ಸೇಲ್ಸಿಗೆ ಆಗಲ್ಲಮ್ಮ," ಅಂದರು.

ಅಳುತ್ತಾ ಬಂದ ನನ್ನನ್ನು ನೋಡಿ ಅಮ್ಮನ ಭಜನಾ ಮಂಡಳಿಯವರಿಗೆ ಕರುಳು ಚುರುಕ್ಕೆಂದಿತು. ಅಷ್ಟೂ ಜನ ಪಾರ್ಲರಿಗೆ ಬಂದು, ಒಂದೊಂದೇ ಅಕ್ಷರ ಹುಡುಕಿ ಒತ್ತಿ, ನನ್ನ ಫ್ರೆಂಡ್ಸ್ ಆದರು. ಆ ಉಪಕಾರ ಮರೆಯುವಂಥದ್ದಲ್ಲ. ಆದರೆ ಅವರಿಗೆ ಗೊತ್ತಿದ್ದದ್ದು ನನ್ನ ಪುಟ ಒಂದೇ. ಒಬ್ಬರಿಗೊಬ್ಬರು ಹೇಳಬೇಕಾದ್ದನ್ನೆಲ್ಲ, ನಮ್ಮ ಮನೆ ಜಗಲಿಯ ಮೇಲೆ ಕೂತಂತೆ, ಅಲ್ಲೇ ಬರೆಯತೊಡಗಿದರು.

ಮಾಮೂಲ್‌ಪೇಟೆಯ ಮುಂದಿನ ಯಜಮಾನರು ಅದನ್ನು ನೋಡಿ ಕೈಮುಗಿದರು. "ಇಷ್ಟೊಂದು ಮಾತಾ? ಕೆಲಸ ಯಾವಾಗ ಮಾಡ್ತೀಯಮ್ಮ?"

ಯಾರೋ ಪಾಪದ ಗಂಡ

ಯುಗಾದಿಗೆ ನಾಲ್ಕೇ ದಿನ ಉಳಿದಿತ್ತು. ಮಲ್ಲೇಶ್ವರದ ಆಫೀಸೊಂದರಲ್ಲಿ ಮ್ಯಾನೇಜರೂ ಅಕೌಂಟೆಂಟೂ ನನ್ನ ಎದುರು ಕೂತಿದ್ದರು. ಮತ್ತದೇ ಪಾಸ್‌ವರ್ಡ್! ಇದೂ ಹೋದರೆ ಹಸೆಮಣೆಯೇ ಗತಿ ಎಂದುಕೊಂಡು ಕೊಟ್ಟೆ.

"ನಮ್ಮಲ್ಲಿ ಮುಚ್ಚುಮರೆ ಇಲ್ಲ, ಜೋರಾಗೇ ಓದ್ತೀನಿ," ಎಂದು ಮ್ಯಾನೇಜರು ಶುರು ಮಾಡಿದರು. "'ನಮ್ಮನೆಯವರು ಆಫೀಸಲ್ಲಿ ಹುಲಿಯಂತೆ ಕಣ್ರೀ. ಮನೇಲಿ ಜಿರಳೆ ಕಂಡ್ರೆ ಮಂಚ ಹತ್ತಿ ನನ್ನ ಕೂಗ್ತಾರೆ.' ಹ್ಹಹ್ಹ! ಯಾರೋ ಪಾಪದ ಗಂಡ!"

ಅಕೌಂಟೆಂಟು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಸಾರ್... ಬರೆದೋರ ಫೋಟೋ... ನಮ್ಮ ಮೇಡಂ ಅಲ್ವಾ?"

ಮ್ಯಾನೇಜರು ಕಂಪ್ಯೂಟರನ್ನೇ ಆರಿಸಿಬಿಟ್ಟರು. ಭಜನಾ ಮಂಡಳಿಯ ಆ ಮಹಾತಾಯಿ ಯಾರ ಹೆಂಡತಿಯೆಂದು ನನಗೆ ಆವರೆಗೆ ಗೊತ್ತೇ ಇರಲಿಲ್ಲ. ಇವತ್ತಿಗೂ ಅವರಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

"ನಾಳೆಯಿಂದ್ಲೇ ಬನ್ನಿ," ಅಂದರು ಮ್ಯಾನೇಜರು, ಬೆವರು ಒರೆಸಿಕೊಳ್ಳುತ್ತಾ. "ಪಾಸ್‌ವರ್ಡ್ ಮಾತ್ರ ಇವತ್ತೇ ಬದಲಾಯಿಸ್ಬಿಡಿ. ಅಲ್ಲಮ್ಮಾ, ಯಾರೋ ಕೇಳಿದ್ರು ಅಂತ ಅದನ್ನೆಲ್ಲ ಕೊಟ್ಬಿಡೋದಾ?"