ಸೌಂದರ್ಯಳ ಐದು ವೋಲ್ಟಿನ ಹಟ

ಮಗುವಿಗೆ ಸೆಕೆಯೋ ಚಳಿಯೋ ಎಂಬ ಚಿಂತೆ ಸೌಂದರ್ಯಳನ್ನು ಎಂಟು ತಿಂಗಳಿನಿಂದ, ಅಂದರೆ ಶರಣ್ಯ ಹುಟ್ಟಿದ ದಿನದಿಂದ, ಬಿಟ್ಟಿರಲಿಲ್ಲ. ಹೊದಿಸಿದರೆ ಬೆವರೀತು, ತೆಗೆದರೆ ನೆಗಡಿಯಾದೀತು. (ಮಗು ಎರಡರಲ್ಲೂ ಗೊರಕೆ ಹೊಡೆಯುತ್ತಿತ್ತು.) ಮೈಸೂರಿನಲ್ಲಿ ಓದಿದವಳು ಶಿಕಾರಿಪುರದ ಸೊಸೆಯಾದ ಮಾತ್ರಕ್ಕೆ ವಿಜ್ಞಾನ ಬಿಡಲಾದೀತೇ? ತೊಟ್ಟಿಲ ಪಕ್ಕದಲ್ಲಿ ಕೋಣೆಯ ಉಷ್ಣಾಂಶ ತೋರಿಸುವ ಮಹಾಯಂತ್ರವನ್ನು ತಾನೇ ಕಟ್ಟಲು ಪುಟ್ಟ ಬೋರ್ಡು, ಸೆನ್ಸರ್, ಡಿಸ್‌ಪ್ಲೇ ತರಿಸಿದಳು.

"ಹೊಟ್ಟೆ ಮುಟ್ಟಿ ನೋಡಿದ್ರೆ ಗೊತ್ತಾಗ್ತತಲ್ಲ," ಎಂದರು ಅತ್ತೆ ಸರ್ವಮಂಗಳ.

"ಅಂದಾಜು ಬೇಡ ಅತ್ತೆ, ನನಗೆ ಅಂಕಿ ಬೇಕು."

"ಆತು. ಸಂಜಿ ಒಳಗೆ ನಿನ್ನ ಡಬ್ಬಿ ಅಂಕಿ ತೋರಿಸ್ಲಿಲ್ಲ ಅಂದ್ರೆ ತೊಟ್ಲು ನನ್ನ ಕೋಣೆಗೆ."

"ತೋರಿಸುತ್ತೆ."

ಗಂಡ ಸಿದ್ಧಲಿಂಗೇಶ್ ತಟ್ಟೆಯಿಂದ ತಲೆ ಎತ್ತಲಿಲ್ಲ. "ಗಂಗಾಶ್ರೀನ ಒಂದ್ ಮಾತು ಕೇಳು. ಡಿಸ್‌ಪ್ಲೇ ಐದು ವೋಲ್ಟು, ಬೋರ್ಡು ಮೂರು ಚಿಲ್ಲರೆ. ನೇರ ಕೊಟ್ರೆ ಬೋರ್ಡು ಸುಡ್ತತಿ ಅಂತಿದ್ಲು." ಗಂಗಾಶ್ರೀ ಅವನ ತಂಗಿ; ಸೊರಬದಲ್ಲಿ ಟಿವಿ ರಿಪೇರಿ ಅಂಗಡಿ ಇಟ್ಟವಳು.

"ಅದು ನನಗೂ ಗೊತ್ತು. ಯಾರನ್ನೂ ಕೇಳಲ್ಲ."

ಗೊತ್ತಿದ್ದದ್ದೂ ನಿಜ. ನಡುವೆ ಲೆವೆಲ್ ಶಿಫ್ಟರ್ ಎಂಬ ಉಗುರಿನಷ್ಟು ದಲ್ಲಾಳಿಯನ್ನು ಕೂರಿಸಿದಳು; ಆಚೆಯ ಐದನ್ನು ಈಚೆಗೆ ಮೂರು ಚಿಲ್ಲರೆಗೆ ಇಳಿಸುವುದು, ಈಚೆಯದನ್ನು ಆಚೆಗೆ ಏರಿಸುವುದು ಅದರ ಕಸುಬು. ಆದರೂ ಭಯ. ಎಲ್ಲಿಂದಾದರೂ ಐದು ನುಸುಳಿ ಬಂದರೆ? ಬೋರ್ಡಿಗೊಂದು, ಡಿಸ್‌ಪ್ಲೇಗೊಂದು ಬೇರೆ ಚಾರ್ಜರ್ ಕೊಟ್ಟಳು. ಎರಡು ಕಡೆಯ ಕಪ್ಪು ವೈರುಗಳು, ಅಂದರೆ ಗ್ರೌಂಡುಗಳು, ಒಂದಕ್ಕೊಂದು ಸೋಕದಂತೆ ಟೇಪು ಸುತ್ತಿ ದೂರ ಇಟ್ಟಳು. ಪಾಲಾದ ಅಣ್ಣತಮ್ಮಂದಿರ ನಡುವಿನ ಬೇಲಿಯೂ ಅಷ್ಟು ಗಟ್ಟಿ ಇರುವುದಿಲ್ಲ.

ಸ್ವಿಚ್ ಒತ್ತಿದಳು. ಡಿಸ್‌ಪ್ಲೇ ನೀಲಿಯಾಗಿ ಬೆಳಗಿತು. ಅಂಕಿ ಮಾತ್ರ ಇಲ್ಲ.

ವೈರು ಬದಲಿಸಿದಳು, ಪ್ರೋಗ್ರಾಮನ್ನು ಮೂರು ಸಲ ಓದಿದಳು, ಕೊನೆಗೆ ಗದರಿಸಿಯೂ ನೋಡಿದಳು. ನಾಲ್ಕು ಗಂಟೆಗೆ ಅತ್ತೆ ತಮ್ಮ ಕೋಣೆಯಲ್ಲಿ ತೊಟ್ಟಿಲಿಗೆ ಜಾಗ ಗುಡಿಸತೊಡಗಿದರು.

"ತೊಟ್ಲು ಎತ್ಲೇನವ್ವ?"

"ಹೊತ್ತು ಇನ್ನೂ ಮುಳುಗಿಲ್ಲ ಅತ್ತೆ."

ಐದೂವರೆಗೆ ಹಿತ್ತಲಿನ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ನಿಂತು ಸೊರಬಕ್ಕೆ ಫೋನ್ ಮಾಡಿದಳು.

"ಸಹಾಯ ಕೇಳ್ತಿಲ್ಲ ಗಂಗಾ. ಸುಮ್ನೆ ಮಾಡಿದೆ."

"ಆತು ಬಿಡ್ರಿ ಅತ್ತಿಗೆ. ಎರಡೂ ಸ್ವಿಚ್ ಆರಿಸಿ, ಆ ಟೇಪು ಬಿಚ್ಚಿ, ಎರಡೂ ಗ್ರೌಂಡು ಕೂಡಿಸ್ರಿ. ನಿಂತ ನೆಲ ಒಂದೇ ಇಲ್ಲ ಅಂದ್ರೆ ಯಾವುದು ಎತ್ತರ, ಯಾವುದು ತಗ್ಗು ಅಂತ ಅವಕ್ಕೆ ಹೆಂಗೆ ತಿಳೀಬೇಕು?"

"ಟೇಪು ಸುತ್ತಿದ್ದು ನಿನಗೆ ಹೇಗೆ ಗೊತ್ತು?"

"ನೀವು ಮಗೀಗೆ ಉಣಿಸಾಕೆ ಹೋದಾಗ ಅವ್ವ ಫೋಟೋ ಕಳಿಸಿ, ಏನು ತಪ್ಪೈತಿ ಅಂತ ಕೇಳಿದ್ಲು. ಹೇಳಿದೆ. 'ಹಂಗಾರೆ ನೀನಾಗಿ ಫೋನ್ ಮಾಡಿ ಹೇಳಬ್ಯಾಡ, ಮೊಮ್ಮಗಳು ನನ್ನ ಕೋಣೆಗೆ ಬರ್ಲಿ' ಅಂದ್ಲು. ನೀವಾಗಿ ಮಾಡಿದ್ರೆ ಹೇಳಬಾರದು ಅಂತ ಏನೂ ಅಂದಿಲ್ಲ. ಮಧ್ಯಾಹ್ನದಿಂದ ಫೋನ್ ಕೈಯಾಗೆ ಹಿಡ್ಕಂಡು ಕುಂತೀನಿ. ಓಡ್ರಿ, ತೊಟ್ಲು ಎತ್ತಿಬಿಟ್ಟಾಳು."