ಎಷ್ಟು ಕೊಡ್ತದೆ?

ಕಾರು ಇಟ್ಟುಕೊಂಡ ಗಂಡಸು ತನ್ನ ವಯಸ್ಸಿನ ಬಗ್ಗೆ, ಸಕ್ಕರೆ ಕಾಯಿಲೆಯ ಬಗ್ಗೆ ನಿಜ ಹೇಳಿದರೂ ಹೇಳಬಹುದು, ಮೈಲೇಜಿನ ಬಗ್ಗೆ ಮಾತ್ರ ಹೇಳುವುದಿಲ್ಲ. ನಾನು ಪುತ್ತೂರಿನಲ್ಲಿ ಒಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ನಡೆಸುವವನು. ‘ಬೆಳಿಗ್ಗೆ ಹತ್ತು ಗಂಟೆಗೆ ಸರಿಯಾಗಿ’ ಎಂದು ಎಷ್ಟು ಸಾವಿರ ಆಮಂತ್ರಣದ ಕಾಗದ ಅಚ್ಚು ಹಾಕಿದ್ದೇನೋ, ಆದರೆ ಹತ್ತಕ್ಕೆ ಸರಿಯಾಗಿ ಹೋಗಿ ಕೂತವನು ನಾನೊಬ್ಬನೇ, ಅದೂ ಒಂದೇ ಸಲ. ಅಂದು ಮನೆಯವರು ಇನ್ನೂ ಸ್ನಾನ ಮಾಡುತ್ತಿದ್ದರು. ಆದರೂ ಆ ಕಾಗದವನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಅಚ್ಚು ಹಾಕಿಸುವವರು ಒಂದು ಗಂಟೆ ಹಿಂದೆ ಹಾಕಿಸುತ್ತಾರೆ, ಓದುವವರು ಒಂದು ಗಂಟೆ ಮುಂದೆ ಹಾಕಿಕೊಳ್ಳುತ್ತಾರೆ, ಊಟ ಸರಿಯಾದ ಹೊತ್ತಿಗೇ ಆಗುತ್ತದೆ. ಮೈಲೇಜೂ ಹಾಗೆಯೇ. ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು, “ಹೊಸ ಗಾಡಿಯಾ? ಎಷ್ಟು ಕೊಡ್ತದೆ?” ಎಂದು ಕೇಳುತ್ತಾರೆ. ನಾವು ಎರಡು ಸೇರಿಸಿ ಹೇಳುತ್ತೇವೆ. ಅವರು ಮೂರು ಕಳೆದು ಕೇಳಿಸಿಕೊಳ್ಳುತ್ತಾರೆ. ಇಷ್ಟು ಅಚ್ಚುಕಟ್ಟಾದ ವ್ಯವಸ್ಥೆಯಲ್ಲಿ ಮೋಸ ಎಲ್ಲಿಂದ ಬಂತು ಎಂಬುದೇ ನನ್ನ ಈಗಿನ ತೊಂದರೆ.

ಎರಡು ವರ್ಷದ ಹಿಂದೆ ನಾನು ಒಂದು ಕಾರು ತೆಗೆದುಕೊಂಡೆ. ಆರು ತಿಂಗಳ ನಂತರ ನನ್ನ ತಂಗಿಯ ಗಂಡ, ಕಡಬದಲ್ಲಿ ಪಂಪು, ಪೈಪುಗಳ ಅಂಗಡಿ ಇಟ್ಟಿರುವ ಪದ್ಮನಾಭ ಭಾವ, ಅದೇ ಕಂಪೆನಿಯ ಅದೇ ಕಾರನ್ನು ತೆಗೆದುಕೊಂಡರು. ಅದಕ್ಕೆ ಮೊದಲು ಅವರು ಬೇರೊಂದು ಕಂಪೆನಿಯದ್ದನ್ನು ನೋಡಿ, ಓಡಿಸಿ, ಬಣ್ಣವನ್ನೂ ತೀರ್ಮಾನಿಸಿ ಆಗಿತ್ತು. ನನ್ನ ಬಳಿ ಒಂದು ಮಾತು ಕೇಳಿದರು. ನಾನು ಇಪ್ಪತ್ತೆರಡು ಎಂದೆ. ಬಣ್ಣದ ಸಮೇತ ಎಲ್ಲ ಬದಲಾಯಿತು.

ಅವರು ಕೇಳಿದ್ದು ಉಪ್ಪಿನಂಗಡಿಯ ಒಂದು ಹೋಟೆಲಿನಲ್ಲಿ, ಹೊರಗೆ ಧೋ ಎಂದು ಮಳೆ, ಹೊಳೆ ತುಂಬಿತ್ತು ಎಂದು ಬರೆಯಲು ಹೊರಟಿದ್ದೆ. ಆದರೆ ಇಷ್ಟು ಚೆನ್ನಾಗಿ ನೆನಪಿದೆ ಎಂದರೆ ನನಗೇ ಸಂಶಯ ಬರುತ್ತದೆ. ಮಳೆಯನ್ನು ಬಹುಶಃ ನಾನೇ ತಂದು ಹಾಕಿದ್ದೇನೆ. ಕೆದಂಬಾಡಿಯ ಒಂದು ಗೃಹಪ್ರವೇಶದಲ್ಲಿ ಕೈ ತೊಳೆಯುವಾಗ ಕೇಳಿದ್ದೂ ಇರಬಹುದು. ಜಾಗ, ಹವೆ ಎರಡೂ ಅಲುಗಾಡುತ್ತವೆ. ಇಪ್ಪತ್ತೆರಡು ಮಾತ್ರ ಅಲುಗುವುದಿಲ್ಲ.

ಮೊನ್ನೆ ಕಂಪೆನಿಯಿಂದ ಫೋನಿಗೆ ಒಂದು ಸಂದೇಶ ಬಂತು. ಪ್ರಿಯ ಗ್ರಾಹಕರೇ, ತಮ್ಮ ವಾಹನವನ್ನು ‘ವಿಶೇಷ ಸೇವಾ ಅಭಿಯಾನ’ದಡಿ ಉಚಿತವಾಗಿ ಪರಿಶೀಲಿಸಲಾಗುವುದು. ಏನೋ ಗೌರವ ಸಿಕ್ಕಿತು ಎಂದುಕೊಂಡೆ. ವಿಷಯ ತಿಳಿದದ್ದು ಟಿವಿಯಲ್ಲಿ. ಸ್ಟಿಯರಿಂಗಿನ ಹಿಂದೆ ಲೀಟರಿಗೆ ಇಷ್ಟು ಕಿಲೋಮೀಟರು ಎಂದು ತೋರಿಸುವ ಪರದೆ ಉಂಟಲ್ಲ, ಅದು ಇದ್ದದ್ದಕ್ಕಿಂತ ಹೆಚ್ಚು ತೋರಿಸುವ ಹಾಗೆ ಕಂಪೆನಿಯೇ ಒಳಗೆ ವ್ಯವಸ್ಥೆ ಮಾಡಿಟ್ಟಿತ್ತಂತೆ. ಸಿಕ್ಕಿಬಿದ್ದ ಮೇಲೆ ಎಲ್ಲ ಕಾರುಗಳನ್ನು ಮರಳಿ ಕರೆದಿದೆ. ನನಗೆ ಬಂದ ಸಿಟ್ಟು ಸಣ್ಣದಲ್ಲ. ಅದರ ಹಿಂದೆಯೇ ಒಂದು ಸಮಾಧಾನವೂ ಬಂತು ಎಂಬುದನ್ನು ನಿಮಗೆ ಮಾತ್ರ ಹೇಳುತ್ತೇನೆ. ಭಾವ ಎಂದಾದರೂ ಆ ಇಪ್ಪತ್ತೆರಡರ ಬಗ್ಗೆ ಕೇಳಿದರೆ ಬೆರಳು ತೋರಿಸಲು ಈಗ ಒಂದು ಕಂಪೆನಿ ಸಿಕ್ಕಿತ್ತು.

ಇಬ್ಬರೂ ಒಂದೇ ದಿನ ಪುತ್ತೂರಿನ ಸರ್ವಿಸ್ ಸೆಂಟರಿಗೆ ಹೋದೆವು. ಟೈ ಕಟ್ಟಿದ ಒಬ್ಬಾತ ಬಂದು, “ಗಾಡಿಗೆ ಎಂತ ತೊಂದರೆಯೂ ಇಲ್ಲ ಸರ್. ತೋರಿಸುದನ್ನು ಮಾತ್ರ ಸರಿ ಮಾಡುದು,” ಎಂದ.

“ಹಾಗಾದರೆ ಇಷ್ಟು ದಿನ ತೋರಿಸಿದ್ದು?” ಎಂದು ನಾನು ಕೇಳಿದೆ.

“ಅದು ಸ್ವಲ್ಪ ಉದಾರವಾಗಿ ತೋರಿಸ್ತಿತ್ತು ಸರ್.”

ಏಸಿ ಕೋಣೆಯಲ್ಲಿ ಕೂತೆವು. ನಾನು ಕಂಪೆನಿಯನ್ನು ಬೈಯಲು ಶುರು ಮಾಡಿದೆ. ಇನ್ನು ಯಾರನ್ನು ನಂಬುವುದು, ಹೆಸರು ನೋಡಿ ತೆಗೆದುಕೊಂಡದ್ದಲ್ಲವೇ ಎಂದೆಲ್ಲ ಚೆನ್ನಾಗಿಯೇ ಬೈದೆ. ಭಾವ ಕಾಗದದ ಲೋಟದ ಚಹಾ ಕುಡಿಯುತ್ತಾ ಕೇಳಿಸಿಕೊಂಡರು.

“ನಾನು ಹೆಸರು ನೋಡಿ ತೆಗೆದದ್ದಲ್ಲ ಭಾವ,” ಎಂದರು. “ನನ್ನ ಅಂಗಡಿಯ ಪೈಪಿನ ಮೇಲೆಯೂ ಕಂಪೆನಿಯ ಹೆಸರು ಉಂಟು, ಇಪ್ಪತ್ತೈದು ವರ್ಷ ಬಾಳಿಕೆ ಅಂತ ಬರೆದೂ ಉಂಟು. ಪೈಪು ಒಡೆದರೆ ಪಂಜದ ಗಿರಾಕಿಗಳು ಕಂಪೆನಿಗೆ ಫೋನು ಮಾಡುದಿಲ್ಲ. ಒಡೆದ ತುಂಡು ಹಿಡಿದುಕೊಂಡು ನನ್ನ ಅಂಗಡಿಗೆ ಬರ್ತಾರೆ.”

“ಈ ಕಂಪೆನಿ ಮೋಸ ಮಾಡಿದ್ದು ನನಗೆ ಗೊತ್ತಿತ್ತಾ ಮಾರಾಯ್ರೆ?”

“ಕಂಪೆನಿ ಇಪ್ಪತ್ತನಾಲ್ಕು ಅಂತ ಹೇಳಿತ್ತು. ಅದರಲ್ಲಿ ಐದು ನಾನೇ ಕಳೆದಿದ್ದೆ. ನೀವು ಹೇಳಿದ್ದರಲ್ಲಿ ಎಂತದೂ ಕಳೆಯಲಿಲ್ಲ.”

ಆಮೇಲೆ ಅವರು ಹೇಳಿದ್ದನ್ನು ಕೇಳಿ ನನ್ನ ಚಹಾ ತಣಿಯಿತು. ಅವರ ಕಾರಿನ ಪರದೆ, ಆ ಉದಾರ ಪರದೆಯೂ, ಹದಿನೆಂಟು ದಾಟಿರಲಿಲ್ಲ. ನನಗೆ ಇಪ್ಪತ್ತೆರಡು ಕೊಡುವ ಕಾರು ತಮಗೆ ಕೊಡುವುದಿಲ್ಲ ಎಂದರೆ ತಪ್ಪು ತಮ್ಮ ಕಾಲಿನದ್ದೇ ಎಂದು ಅವರು ತೀರ್ಮಾನಿಸಿದ್ದರು. ಆಕ್ಸಿಲರೇಟರ್ ಮೆಲ್ಲಗೆ ಒತ್ತಬೇಕೆಂದು ಚಪ್ಪಲಿ ಕಳಚಿಟ್ಟು ಓಡಿಸುತ್ತಿದ್ದರು. ಏಪ್ರಿಲ್ ಸೆಕೆಯಲ್ಲಿ ಏಸಿ ಹಾಕದೆ ನನ್ನ ತಂಗಿ ಸುಮತಿಯನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದರು. ಗಾಳಿಗೆ ಅಡ್ಡವಾಗಲಿ ಎಂದು ಸರ್ಕಾರಿ ಬಸ್ಸಿನ ಹಿಂದೆಯೇ, ಅದು ನಿಂತಲ್ಲೆಲ್ಲ ನಿಂತು, ಹೋದದ್ದೂ ಉಂಟು.

“ಸುಮತಿ ಬೈತಾಳೆ. ಅಣ್ಣನಿಗೆ ಬರ್ತದೆ, ನಿಮಗೆ ಯಾಕೆ ಬರುದಿಲ್ಲ ಅಂತ,” ಎಂದು ನಕ್ಕರು.

ಆ ನಗುವಿನಲ್ಲಿ ಆರೋಪ ಇರಲಿಲ್ಲ. ಇದ್ದಿದ್ದರೆ ನಾನು ತಪ್ಪಿಸಿಕೊಳ್ಳುತ್ತಿದ್ದೆ. ಎಲ್ಲವನ್ನೂ ಕಂಪೆನಿಯ ತಲೆಗೆ ಕಟ್ಟಿ ಎದ್ದು ಹೋಗಲು ಅಡ್ಡಿ ಇರಲಿಲ್ಲ; ಕಂಪೆನಿ ಅಷ್ಟು ದೊಡ್ಡದು, ನನ್ನದೊಂದು ನಾಲ್ಕು ಕಿಲೋಮೀಟರು ಅದರ ನೆರಳಿನಲ್ಲಿ ಕಾಣುತ್ತಲೇ ಇರಲಿಲ್ಲ. ಹೇಳದಿದ್ದರೆ ಭಾವನ ವಿಶ್ವಾಸ ಉಳಿಯುತ್ತದೆ, ಆದರೆ ಅವರು ಬರಿಗಾಲಲ್ಲಿ ಓಡಿಸುವುದು ನಿಲ್ಲುವುದಿಲ್ಲ. ಲೋಟವನ್ನು ಮೂರು ಸಲ ತಿರುಗಿಸಿ ಬಾಯಿ ಬಿಟ್ಟೆ.

“ಭಾವ, ನನ್ನದೂ ಹದಿನೆಂಟೇ ತೋರಿಸುದು. ಇಪ್ಪತ್ತೆರಡು ಒಂದು ಸಲ ತೋರಿಸಿತ್ತು.”

“ಎಲ್ಲಿ?”

“ಮಡಿಕೇರಿಯಿಂದ ಬರುವಾಗ. ಸಂಪಾಜೆ ಘಾಟಿಯಲ್ಲಿ. ಮೇಲೆ ಮೀಟರು ಸೊನ್ನೆ ಮಾಡಿ ಇಳಿದದ್ದು. ಕೆಳಗೆ ಬಂದಾಗ ನೋಡಿದೆ.”

ಭಾವ ಗಾಜಿನ ಆಚೆ ತಮ್ಮ ಕಾರನ್ನು ನೋಡಿದರು. ಸರ್ವಿಸಿನವರು ಬಾನೆಟ್ ತೆಗೆಯದೆಯೇ ಅದನ್ನು ಸರಿ ಮಾಡುತ್ತಿದ್ದರು.

“ಘಾಟಿ ಇಳಿಯುವಾಗ ನನ್ನ ಅಂಗಡಿಯ ಕೈಗಾಡಿಯೂ ಅಷ್ಟು ಕೊಡ್ತದೆ,” ಎಂದರು.

ಅಷ್ಟೇ. ಅವರು ಬೈದಿದ್ದರೆ ಒಳ್ಳೆಯದಿತ್ತು. ಕೂತಲ್ಲೇ ನನಗೆ ಹೊಳೆದದ್ದು ಇಷ್ಟು: ಕಂಪೆನಿ ಮಾಡಿದ್ದೂ ಬಹಳ ಬೇರೆಯೇನಲ್ಲ. ತನಗೆ ಬೇಕಾದದ್ದು ಕಾಣುವ ಕಡೆ ನಿಂತು ನೋಡಿತು, ಅದನ್ನೇ ಎಲ್ಲರಿಗೂ ಹೇಳಿತು. ನಾನು ಹೇಳಿದ ಅಂಕಿಯೂ ಸುಳ್ಳಲ್ಲ, ಇಳಿಜಾರನ್ನು ಮಾತ್ರ ಬಿಟ್ಟಿದ್ದೆ. ಕಂಪೆನಿಗಾದರೂ ಪ್ರತಿ ಕಾರನ್ನು ಕರೆಸಿ ಸರಿ ಮಾಡುವ ವ್ಯವಸ್ಥೆ ಉಂಟು. ಎರಡು ವರ್ಷದಲ್ಲಿ ನಾನು ಎಷ್ಟು ಪಂಕ್ತಿಗಳಲ್ಲಿ, ಎಷ್ಟು ಜನರಿಗೆ ಇಪ್ಪತ್ತೆರಡನ್ನು ಬಡಿಸಿದ್ದೇನೆ? ಅವರನ್ನೆಲ್ಲ ಎಲ್ಲಿಂದ ಕರೆಸುವುದು? ಬಂದರೂ ಅವರು ಮೂರು ಕಳೆದು ಕೇಳಿಸಿಕೊಂಡವರು, ಅವರ ಚಿಂತೆ ಇಲ್ಲ. ಕಳೆಯದೆ ನಂಬಿದವರು ಒಬ್ಬರೇ ಇದ್ದರು. ಅವರು ಆಗ ಗೇಟ್‌ಪಾಸ್‌ಗೆ ಸಹಿ ಹಾಕುತ್ತಿದ್ದರು.

ಹದಿನೈದು ದಿನ ಅವರ ಫೋನು ಬರಲಿಲ್ಲ. ಸಾಮಾನ್ಯವಾಗಿ ಏನು ಕೊಳ್ಳುವುದಿದ್ದರೂ, ಮಿಕ್ಸಿಯಿಂದ ಹಿಡಿದು ಮೊಣಕಾಲಿನ ಡಾಕ್ಟರ್‌ವರೆಗೆ, ನನ್ನ ಬಳಿ ಒಂದು ಮಾತು ಕೇಳುವವರು. ಈ ನಡುವೆ ಅವರ ಮನೆಗೆ ಹೊಸ ವಾಷಿಂಗ್ ಮೆಷಿನ್ ಬಂದದ್ದು ನನಗೆ ಹೆಂಡತಿಯಿಂದ ತಿಳಿಯಿತು. ನಮ್ಮ ಮನೆಯಲ್ಲಿರುವುದು ಬೇರೆ ಕಂಪೆನಿಯದ್ದು.

ನಿನ್ನೆ ಸಂಜೆ ಫೋನು ಬಂತು. ಚಪ್ಪಲಿ ಹಾಕಿಯೇ ಓಡಿಸುತ್ತಿದ್ದಾರಂತೆ, ಸುಮತಿ ಏಸಿ ಸಾಕು, ಚಳಿ ಎನ್ನುತ್ತಾಳಂತೆ. ಮಾತು ಹಳೆಯ ದಾರಿಗೆ ಬಂದದ್ದು ನೋಡಿ ನನಗೆ ಎದೆ ತುಂಬಿತು. ಕೊನೆಗೆ ಕೇಳಿದರು, “ಸರಿ ಮಾಡಿದ ಮೇಲೆ ನಿಮ್ಮದು ಎಷ್ಟು ತೋರಿಸ್ತದೆ ಭಾವ?”

“ಹದಿನೇಳು,” ಎಂದೆ.

ಆಚೆ ಲೆಕ್ಕ ನಡೆಯುತ್ತಿದೆ ಎಂದು ನನಗೆ ಗೊತ್ತಾಯಿತು. “ಹಾಗಾದ್ರೆ ಒಂದು ಹದಿನಾರು ಅಂತ ಇಟ್ಟುಕೊಳ್ತೇನೆ ಆಯ್ತಾ,” ಎಂದು ಭಾವ ಫೋನು ಇಟ್ಟರು.

ನನಗೆ ನಿಜವಾಗಿ ಬೇಸರವಾಯಿತು. ಎಲ್ಲವನ್ನೂ ಒಪ್ಪಿಕೊಂಡ ಮನುಷ್ಯನ ಮಾತಿನಲ್ಲೂ ಒಂದು ಕಳೆಯುವುದೆಂದರೆ ಏನು? ಅದೇ ಸಿಟ್ಟಿನಲ್ಲಿ ಕೆಳಗೆ ಹೋಗಿ, ಕಾರಿನ ಬಾಗಿಲು ತೆಗೆದು, ಕೀಲಿ ತಿರುಗಿಸಿ ಪರದೆ ನೋಡಿದೆ. ಹದಿನಾರು ಪಾಯಿಂಟ್ ಒಂದು.